ಒಂದು ದಿನದ ವಿರಾಮ

ಹನ್ನೊಂದು ತಿಂಗಳು ತುಂಬಿದ ಮರುದಿನ
ನಾನು ಯಾರೂ ಅಲ್ಲ.
ಗುತ್ತಿಗೆ ಕಾಗದದಲ್ಲಿ ಅದಕ್ಕೊಂದು ಹೆಸರಿದೆ: ವಿರಾಮ.
ಅದರಾಚೆ ಬೆಳಗಾದರೆ ಮತ್ತೆ ಕಾನೂನು ಅಧಿಕಾರಿ,
ಅದೇ ಕುರ್ಚಿ, ಅದರ ಕುಂಟುಕಾಲಿನಡಿ
ಮಡಚಿಟ್ಟ ಅದೇ ಹಳೆಯ ಸುತ್ತೋಲೆ.

ಚಿಕ್ಕಬಳ್ಳಾಪುರದ ಕಚೇರಿಯಲ್ಲಿ ನಮ್ಮ ಘಟಕಕ್ಕೆ
ಸಿಕ್ಕಿದ್ದು ಮೆಟ್ಟಿಲ ಪಕ್ಕದ ಕೋಣೆ.
ಕಿಟಕಿಯಲ್ಲಿ ನಂದಿಬೆಟ್ಟ ಅರ್ಧ ಕಾಣುತ್ತದೆ,
ಉಳಿದರ್ಧಕ್ಕೆ ಜನರೇಟರು ಅಡ್ಡ.
ಜಿಲ್ಲೆಯಿಡೀ ಮಕ್ಕಳಿಗೆ ನಾನೊಬ್ಬಳೇ.
ನನಗೆ ಕೊಡುವುದನ್ನು ಸಂಬಳ ಎನ್ನಬಾರದು, ಗೌರವಧನ.
ಗೌರವ ತಪ್ಪದೆ ಬರುತ್ತದೆ,
‘ಕೂತ್ಕೊಳ್ಳಿ ಮೇಡಂ’ ಅನ್ನುತ್ತಾರೆ ಎಲ್ಲರೂ.
ಧನ ಮಾತ್ರ ಯುಗಾದಿಯಿಂದ ಬಂದಿಲ್ಲ,
ಮೊನ್ನೆ ಗೌರಿಹಬ್ಬ ಆಯಿತು.

ಅವಳ ಹೆಸರು ಬರೆಯುವಂತಿಲ್ಲ, ಕಾಯಿದೆ ಬಿಡುವುದಿಲ್ಲ.
ಶಿಡ್ಲಘಟ್ಟದ ನೂಲು ಬಿಚ್ಚಾಣಿಕೆ ಶೆಡ್ಡಿನಿಂದ ಬಂದವಳು,
ಕುದಿನೀರಲ್ಲಿ ಗೂಡು ತಡಕಿ ತಡಕಿ
ಬೆರಳ ತುದಿಯ ಗೆರೆ ಅಳಿಸಿಹೋದವಳು.
ಆಧಾರ್ ಯಂತ್ರ ನಾಲ್ಕು ಸಲ
ಇಂಥವಳು ಇಲ್ಲ ಎಂದಿತು.

ಮೊದಲ ದಿನ ಪೆನ್ನು ತೆರೆದು ಕೇಳಿದೆ,
ಏನಾಯಿತು ಪುಟ್ಟಾ?
‘ಇನ್ನೊಂದ್ ಕಿತ ಹೇಳ್ಬೇಕಾ, ಅಕ್ಕಾ?
ಬೈರಾರೆಡ್ಡಿ ಸಾರ್‌ಗೆ ಹೇಳಿದ್ನಲ್ಲ.
ಫರ್ಹಾನಾ ಮೇಡಂಗೂ.’

ಬೈರಾರೆಡ್ಡಿ ಈಗ ಗೌರಿಬಿದನೂರಲ್ಲಿ ಸೈಟುಗಳ ಕ್ರಯಪತ್ರ ಬರೆಸುತ್ತಾರೆ,
ಬಾಡಿಗೆ ಕಟ್ಟಬೇಕಲ್ಲ.
ಫರ್ಹಾನಾ ಹೆರಿಗೆ ರಜೆ ಕೇಳಿದ್ದರಂತೆ,
ಕಡತ ಮೇಲೆ ಹೋಗಿದೆ ಅಂದರಂತೆ,
ಮಗುವಿಗೆ ಹಲ್ಲು ಬರುವವರೆಗೂ ಮೇಲೆಯೇ ಇತ್ತಂತೆ.
ಅವರೀಗ ಒಂದು ಬ್ಯಾಂಕಿನ ಸಾಲ ವಸೂಲಿಯಲ್ಲಿದ್ದಾರೆ.

ಇಬ್ಬರ ಕೈಬರಹವೂ ಕಡತದಲ್ಲಿದೆ.
ಒಬ್ಬರು ಅರ್ಧಕ್ಕೆ ಬಿಟ್ಟ ವಾಕ್ಯವನ್ನು
ಇನ್ನೊಬ್ಬರು ಹಸಿರು ಶಾಯಿಯಲ್ಲಿ ಮುಗಿಸಿದ್ದಾರೆ.
ಅಂಚಿನಲ್ಲೊಂದು ಕಡೆ, ಕಾನೂನಿಗೆ ಸಂಬಂಧಿಸದ್ದು:
ಕಡ್ಲೆಪುರಿ ಇಷ್ಟ. ಕೊಟ್ಟು ಆಮೇಲೆ ಕೇಳಿ.

ಹೇಳಿ ಹೇಳಿ ಅವಳೇ ಕಥೆಯನ್ನು ಚಿಕ್ಕದು ಮಾಡಿಕೊಂಡಿದ್ದಾಳೆ.
ಅತ್ತದ್ದನ್ನು ತೆಗೆದಿದ್ದಾಳೆ. ಉಳಿದದ್ದು
ಅಮ್ಮ ಪಡೆದ ಮುಂಗಡ, ತಾರೀಕು,
ಬಾಗಿಲ ಹೊರಗಿನ ಚಿಲಕ.
ಐದೇ ವಾಕ್ಯ. ಯಾವ ಸೀನಿಯರೂ ನನಗೆ
ಇಷ್ಟು ಬಿಗಿಯಾಗಿ ಹೇಳಲು ಕಲಿಸಿರಲಿಲ್ಲ.
ನಮ್ಮ ಘಟಕದಲ್ಲಿ ಕಾಯಂ ಆಗಿರುವುದು
ಅವಳೊಬ್ಬಳೇ.

ವಿಚಾರಣೆ ಬಿದ್ದದ್ದು ವಿರಾಮದ ದಿನವೇ.
ಗುರುತುಚೀಟಿ ಸೂಪರಿಂಟೆಂಡೆಂಟರ ಡ್ರಾಯರಿನಲ್ಲಿ.
‘ಹೋಗ್ಬೇಡಮ್ಮ, ನಾಳೆ ಆಡಿಟ್‌ನೋರು ಕೇಳಿದ್ರೆ?’
ಅಂದರು, ಒಳ್ಳೆಯವರೇ.
ಹೆಂಗಸಾದ್ದಕ್ಕೆ ಬಸ್ಸು ಪುಕ್ಕಟೆ, ಪುಣ್ಯ. ಹೋದೆ.

ಶೆಡ್ಡಿನ ಧಣಿಯ ವಕೀಲರು ಕಾರಿನಿಂದಿಳಿದರು,
ಹಿಂದೆ ಇಬ್ಬರು ಜೂನಿಯರು,
ಕಡತಕ್ಕೊಬ್ಬ, ಕೋಟಿಗೊಬ್ಬ.
ನನ್ನ ಕೋಟು ಮಡಿಲಲ್ಲೇ ಇತ್ತು,
ಇವತ್ತು ಹಾಕಬಹುದೋ ಇಲ್ಲವೋ
ಸುತ್ತೋಲೆಯಲ್ಲಿ ಬರೆದಿಲ್ಲ.
ಕಾರಿಡಾರಿನ ಬೆಂಚಿನಲ್ಲಿ ಪಕ್ಕಪಕ್ಕ ಕೂತು
ಕಡ್ಲೆಪುರಿ ತಿಂದೆವು. ಮೆಣಸಿನಕಾಯಿ ಆರಿಸಿ
ನನ್ನ ಕಡೆ ಇಟ್ಟಳು.

‘ನೀನೂ ಹೋಗ್ತೀಯಾ, ಅಕ್ಕಾ?’
ಬ್ಯಾಗಿನಲ್ಲಿ ದೇವನಹಳ್ಳಿಯ ಕಂಪನಿಯೊಂದರ ಕರೆಪತ್ರ,
ಇಲ್ಲಿಯ ಎರಡರಷ್ಟು, ತಿಂಗಳ ಒಂದನೇ ತಾರೀಕಿಗೆ.
ಪೊಟ್ಟಣದ ತಳ ಕೆದಕಿದೆ.
‘ಹೋಗು ಬಿಡು. ಹೊಸಬ್ರು ಬಂದ್ರೆ
ನಾನೇ ಹೇಳ್ಕೊಡ್ತೀನಿ,
ಯಾವ ಫೈಲಲ್ಲಿ ಏನೈತೆ ಅಂತ.’

ಒಳಗಿಂದ ಕೂಗು ಬಂತು:
ಮಗುವಿನ ಪರ ಯಾರು?

ಇಬ್ಬರೂ ಒಟ್ಟಿಗೇ ಎದ್ದೆವು.
ಕೋಟಿನ ಒಂದು ತೋಳು ನನಗೆ ಸಿಗುವಷ್ಟರಲ್ಲಿ
ಪುರಿಯ ಕೈಯನ್ನು ಲಂಗಕ್ಕೆ ಒರೆಸಿಕೊಂಡು
ಅವಳಾಗಲೇ ಬಾಗಿಲಲ್ಲಿದ್ದಳು.